ಕಡಿಮೆ ಖರ್ಚಿನಲ್ಲಿ ಮನೆಯ ಬೆಲೆ ಹೆಚ್ಚಿಸುವ ಕೆಲಸಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸಣ್ಣಪುಟ್ಟ ಕೆಲಸದಿಂದ ಮನೆಯ ಬೆಲೆ ನಿಜಕ್ಕೂ ಏರುತ್ತದೆಯೇ?

ಏರುತ್ತದೆ, ಆದರೆ ಬಹಳ ಜನ ಅಂದುಕೊಂಡ ದಾರಿಯಲ್ಲಲ್ಲ. ಮನೆ ಇರುವ ಜಾಗ, ಅಳತೆ, ಕಟ್ಟಡದ ವಯಸ್ಸು, ಕಾಗದಪತ್ರ ಇವುಗಳಲ್ಲೇ ಬೆಲೆಯ ಬಹುಪಾಲು ತೀರ್ಮಾನವಾಗಿಬಿಟ್ಟಿರುತ್ತದೆ. ಹೊಸ ಬಣ್ಣ ಬಳಿದ ಮಾತ್ರಕ್ಕೆ ಬ್ಯಾಂಕಿನ ಮೌಲ್ಯಮಾಪಕರು ಅಂಕಿ ಏರಿಸಿಬಿಡುವುದಿಲ್ಲ. ಆದರೆ ಮನೆ ನೋಡಲು ಬಂದವರು ಚೌಕಾಸಿಗೆ ಇಳಿಯುವುದು ಕಣ್ಣಿಗೆ ಬಿದ್ದ ಕುಂದುಗಳನ್ನು ಹಿಡಿದುಕೊಂಡೇ. ನಲ್ಲಿ ತೊಟ್ಟಿಕ್ಕುತ್ತಿದ್ದರೆ ಅವರು ಒಂದು ವಾಷರಿನ ಖರ್ಚನ್ನಷ್ಟೇ ಲೆಕ್ಕ ಹಾಕಿ ಸುಮ್ಮನಾಗುವುದಿಲ್ಲ. ‘ಇಷ್ಟನ್ನೂ ಸರಿ ಮಾಡಿಸದವರು ಗೋಡೆಯೊಳಗಿನ ಪೈಪನ್ನು ಹೇಗಿಟ್ಟಿರಬಹುದು’ ಎಂದು ಯೋಚಿಸುತ್ತಾರೆ. ಆ ಅನುಮಾನಕ್ಕೆ ಅವರು ಇಳಿಸಿ ಕೇಳುವ ಮೊತ್ತ ರಿಪೇರಿಯ ಖರ್ಚಿಗಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ. ಅನುಮಾನ ಹುಟ್ಟಿಸುವ ಕಾರಣಗಳನ್ನು ಒಂದೊಂದಾಗಿ ಕಳೆಯುತ್ತ ಹೋಗುವುದೇ ಕಡಿಮೆ ಖರ್ಚಿನ ಸುಧಾರಣೆಯ ಗುಟ್ಟು. ಅಲಂಕಾರದ ಸರದಿ ಆಮೇಲೆ.

ಎಲ್ಲಿಂದ ಶುರು ಮಾಡಬೇಕು?

ಒಂದು ನೋಟ್‌ಬುಕ್ ಹಿಡಿದು ಗೇಟಿನ ಹೊರಗೆ ನಿಲ್ಲಿ. ಅಲ್ಲಿಂದ, ಮನೆ ಕೊಳ್ಳಲು ಬಂದವರಂತೆ ಒಳಗೆ ಬನ್ನಿ. ಪ್ರತಿ ಬಾಗಿಲು ತೆರೆದು ಹಾಕಿ, ಪ್ರತಿ ಸ್ವಿಚ್ ಒತ್ತಿ, ಪ್ರತಿ ನಲ್ಲಿ ತಿರುಗಿಸಿ, ಸಿಂಕಿನ ಕೆಳಗೆ ಬಗ್ಗಿ ನೋಡಿ. ವರ್ಷಗಟ್ಟಲೆ ವಾಸವಿದ್ದ ಮನೆಯ ಕೊರತೆಗಳು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿ ನೇರವಾಗಿ ಮಾತಾಡುವ ಸ್ನೇಹಿತರೊಬ್ಬರನ್ನು ಜೊತೆಗೆ ಕರೆದುಕೊಳ್ಳುವುದು ಇನ್ನೂ ಒಳ್ಳೆಯದು.

ಪಟ್ಟಿ ಆದಮೇಲೆ ಕೆಲಸದ ಕ್ರಮ ತಪ್ಪಿಸಬೇಡಿ. ಮೊದಲು ನೀರು: ತಾರಸಿ, ಪೈಪು, ತೇವ. ಆಮೇಲೆ ವೈರಿಂಗ್, ಅದಾದ ಮೇಲೆ ಗಾರೆ ಮತ್ತು ಬಿರುಕು, ನಂತರ ಬಣ್ಣ. ಹಿಡಿಕೆ, ದೀಪ, ಕನ್ನಡಿಗಳು ಕೊನೆಗೆ. ಈ ಕ್ರಮ ಹಿಂದುಮುಂದಾದರೆ ಒಂದೇ ಗೋಡೆಗೆ ಎರಡು ಸಲ ದುಡ್ಡು ಸುರಿಯಬೇಕಾಗುತ್ತದೆ.

ಗೋಡೆಯಲ್ಲಿ ತೇವದ ಕಲೆ ಇದೆ. ಅದರ ಮೇಲೆ ಬಣ್ಣ ಬಳಿಸಿದರೆ ಸಾಲದೇ?

ಸಾಲದು. ಕೆಲವು ತಿಂಗಳು ಚೆನ್ನಾಗಿ ಕಾಣುತ್ತದೆ, ಆಮೇಲೆ ಬಣ್ಣ ಗುಳ್ಳೆ ಎದ್ದು ಪದರ ಪದರವಾಗಿ ಉದುರುತ್ತದೆ. ಗೋಡೆಯೊಳಗಿನ ನೀರು ಸಿಮೆಂಟು, ಇಟ್ಟಿಗೆಗಳಲ್ಲಿರುವ ಲವಣವನ್ನು ಕರಗಿಸಿಕೊಂಡು ಹೊರಮೈಗೆ ಬರುತ್ತದೆ. ನೀರು ಆವಿಯಾದ ಮೇಲೆ ಆ ಲವಣ ಬಿಳಿ ಹಿಟ್ಟಿನಂತೆ ಗೋಡೆಯ ಮೇಲೆ ಉಳಿಯುತ್ತದೆ. ಅದು ಬಣ್ಣವನ್ನು ಒಳಗಿನಿಂದಲೇ ತಳ್ಳಿ ಹಾಕುತ್ತದೆ.

ಮೊದಲು ತೇವ ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಮಾಡಿ. ಇದಕ್ಕೊಂದು ಸುಲಭದ ಪರೀಕ್ಷೆ ಇದೆ. ಒಂದೂವರೆ ಅಡಿ ಚೌಕದ ಅಲ್ಯೂಮಿನಿಯಂ ಫಾಯಿಲ್ ಅಥವಾ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಕಲೆಯ ಮೇಲಿಟ್ಟು, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ. 24ರಿಂದ 48 ಗಂಟೆ ಬಿಟ್ಟು ನೋಡಿ. ಹಾಳೆಯ ಹಿಂಬದಿ, ಅಂದರೆ ಗೋಡೆಯ ಕಡೆ, ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಕೋಣೆಯ ಕಡೆಯ ಮೈ ಒದ್ದೆಯಾಗಿದ್ದರೆ ಅದು ಕೋಣೆಯ ಗಾಳಿಯಲ್ಲಿರುವ ತೇವ ತಣ್ಣನೆಯ ಗೋಡೆಗೆ ತಾಗಿ ಹನಿಗಟ್ಟಿದ್ದು. ಇದಕ್ಕೆ ಕಿಟಕಿ ತೆರೆದಿಡುವುದು, ಎಕ್ಸಾಸ್ಟ್ ಫ್ಯಾನ್ ಹಾಕುವುದು, ಬೀರುವನ್ನು ಗೋಡೆಯಿಂದ ಸ್ವಲ್ಪ ಸರಿಸಿಡುವುದು ಸಾಕಾಗುತ್ತದೆ.

ಗೋಡೆಯೊಳಗಿನ ನೀರಾಗಿದ್ದರೆ ಕಲೆ ಇರುವ ಜಾಗವೇ ಸುಳಿವು ಕೊಡುತ್ತದೆ. ಮೇಲ್ಛಾವಣಿಯ ಅಂಚಿನಲ್ಲಿದ್ದರೆ ತಾರಸಿ, ಮಳೆನೀರಿನ ಕೊಳವೆ ಅಥವಾ ಸಜ್ಜಾ ಸೇರುವ ಸಂದು ನೋಡಿ. ಬಚ್ಚಲಿನ ಹಿಂಬದಿಯ ಗೋಡೆಯಲ್ಲಿದ್ದರೆ ಪೈಪು ಅಥವಾ ಟೈಲ್ಸ್ ಸಂದು. ನೆಲದಿಂದ ಮೇಲಕ್ಕೆ ಒಂದೇ ಮಟ್ಟದಲ್ಲಿ ಏರಿದ್ದರೆ ಅದು ತಳಪಾಯದಿಂದ ಹತ್ತಿಬರುವ ತೇವ. ಕೊನೆಯದು ಮಾತ್ರ ಅಗ್ಗದಲ್ಲಿ ಮುಗಿಯುವುದಲ್ಲ. ಉಳಿದ ಎಷ್ಟೋ ಕೇಸುಗಳು ತಾರಸಿಯ ನೀರು ಹೋಗುವ ತೂತಿನ ಕಸ ತೆಗೆದು, ಸುತ್ತಲಿನ ಬಿರುಕು ತುಂಬಿದರೆ ನಿಂತುಹೋಗುತ್ತವೆ.

ತೇವಕ್ಕೆ ವಾಟರ್‌ಪ್ರೂಫ್ ಬಣ್ಣವನ್ನು ಒಳಗಿನಿಂದಲೇ ಬಳಿಯಬಹುದೇ?

ನೀರು ಬರುವ ಬದಿಯಲ್ಲಿ ತಡೆದರೆ ಉಪಯೋಗವುಂಟು. ಒಳಗಿನಿಂದ ತಡೆದರೆ ಅದು ಇನ್ನೊಂದು ಜಾಗ ಹುಡುಕಿಕೊಂಡು ಹೊರಬರುತ್ತದೆ.

ಕಣ್ಣಿಗೆ ಕಾಣದ ಸೋರಿಕೆ ಇದೆಯೋ ಇಲ್ಲವೋ ತಿಳಿಯುವುದು ಹೇಗೆ?

ನೀರಿನ ಮೀಟರ್ ಇದ್ದರೆ ಮನೆಯ ಎಲ್ಲ ನಲ್ಲಿಗಳನ್ನೂ ಮುಚ್ಚಿ ಅಂಕಿ ಬರೆದಿಟ್ಟುಕೊಳ್ಳಿ. ಎರಡು ಗಂಟೆ ಯಾರೂ ನೀರು ಮುಟ್ಟಬಾರದು. ಅಂಕಿ ಬದಲಾಗಿದ್ದರೆ ಎಲ್ಲೋ ಸೋರುತ್ತಿದೆ. ಕಮೋಡಿನ ಫ್ಲಶ್ ಟ್ಯಾಂಕಿಗೆ ಅಡುಗೆಯಲ್ಲಿ ಬಳಸುವ ಬಣ್ಣದ ಕೆಲವು ಹನಿ ಹಾಕಿ 15 ನಿಮಿಷ ಕಾಯಿರಿ. ಫ್ಲಶ್ ಮಾಡದೆಯೇ ಕೆಳಗಿನ ನೀರಿಗೆ ಬಣ್ಣ ಬಂದಿದ್ದರೆ ಒಳಗಿನ ರಬ್ಬರ್ ಸವೆದಿದೆ. ಅದನ್ನು ಬದಲಿಸುವುದು ಅಗ್ಗದ ಕೆಲಸ.

ಸೆಕೆಂಡಿಗೆ ಒಂದು ಹನಿಯಂತೆ ಸೋರುವ ನಲ್ಲಿ ವರ್ಷಕ್ಕೆ 11,000 ಲೀಟರಿಗೂ ಹೆಚ್ಚು ನೀರು ಪೋಲು ಮಾಡುತ್ತದೆ ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಲೆಕ್ಕ. ಹಳೆಯ ಮಾದರಿಯ ತಿರುಗಿಸುವ ನಲ್ಲಿಯಾದರೆ ವಾಷರ್, ಅರ್ಧ ಸುತ್ತಿಗೇ ನಿಲ್ಲುವ ಹೊಸ ನಲ್ಲಿಯಾದರೆ ಒಳಗಿನ ಕಾರ್ಟ್ರಿಡ್ಜ್ ಬದಲಿಸಬೇಕು. ಹಳೆಯದನ್ನು ಬಿಚ್ಚಿ ಅಂಗಡಿಗೆ ಕೈಯಲ್ಲೇ ಹಿಡಿದುಕೊಂಡು ಹೋಗಿ. ಫೋಟೋ ತೋರಿಸಿ ತಂದದ್ದು ಸಾಮಾನ್ಯವಾಗಿ ಕೂರುವುದಿಲ್ಲ.

ಬಣ್ಣ ನಾವೇ ಬಳಿಯಬಹುದೇ?

ಒಳಗಿನ ಕೋಣೆಗಳಿಗೆ ಖಂಡಿತ ಬಳಿಯಬಹುದು. ಖರ್ಚಿಗೂ ಕಣ್ಣಿಗೆ ಕಾಣುವ ಫಲಕ್ಕೂ ಹೋಲಿಸಿದರೆ ಬಣ್ಣಕ್ಕೆ ಸಾಟಿಯಾದ ಕೆಲಸ ಇನ್ನೊಂದಿಲ್ಲ. ಹೊರಗಿನ ಎತ್ತರದ ಗೋಡೆಗಳನ್ನು ಮಾತ್ರ ಸಾರುವೆ ಕಟ್ಟಿ ಅಭ್ಯಾಸವಿರುವವರಿಗೇ ಬಿಡಿ.

ಬಣ್ಣ ಚೆನ್ನಾಗಿ ಬರುವುದೂ ಕೆಡುವುದೂ ಬ್ರಷ್ ಹಿಡಿಯುವ ಮೊದಲೇ ನಿರ್ಧಾರವಾಗಿರುತ್ತದೆ. ಎದ್ದ ಪದರಗಳನ್ನೆಲ್ಲ ಕೆರೆದು ತೆಗೆಯಬೇಕು. ಮೊಳೆಯ ತೂತು, ಸಣ್ಣ ಬಿರುಕುಗಳಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ, ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಗೋಡೆ ಒಣಗಿದ ಮೇಲೆ ಪ್ರೈಮರ್, ಆಮೇಲೆ ಎರಡು ಕೋಟ್ ಬಣ್ಣ. ಪ್ರೈಮರ್ ಉಳಿಸಲು ಹೋಗಿ ಮೂರನೇ ಕೋಟ್ ಬಣ್ಣಕ್ಕೆ ದುಡ್ಡು ತೆರುವವರೇ ಜಾಸ್ತಿ. ಪುಟ್ಟಿ ಹಾಕಿದ ಜಾಗ ಬಣ್ಣವನ್ನು ಬೇರೆ ರೀತಿ ಹೀರಿಕೊಳ್ಳುವುದರಿಂದ ಪ್ರೈಮರ್ ಇಲ್ಲದಿದ್ದರೆ ಅಲ್ಲಲ್ಲಿ ಮಂಕು ಕಲೆ ಕಾಣುತ್ತದೆ. ಸಂಜೆ ದೀಪ ಹಾಕಿದಾಗ ಅದು ಇನ್ನೂ ಎದ್ದು ಕಾಣುತ್ತದೆ.

ಹೊಸದಾಗಿ ಸಿಮೆಂಟ್ ಗಾರೆ ಮಾಡಿಸಿದ್ದರೆ 28 ದಿನವಾದರೂ ಬಿಟ್ಟು ಬಣ್ಣ ಬಳಿಯಿರಿ. ಎಷ್ಟು ಬೇಕು ಎಂಬುದಕ್ಕೆ ಒಂದು ಅಂದಾಜು: 1 ಲೀಟರ್ ಎಮಲ್ಷನ್ ನಯವಾದ ಗೋಡೆಗೆ ಒಂದು ಕೋಟ್‌ನಲ್ಲಿ ಸುಮಾರು 10 ಚದರ ಮೀಟರ್ ಹಿಡಿಯುತ್ತದೆ. ಒರಟು ಗೋಡೆ ಇದಕ್ಕಿಂತ ಹೆಚ್ಚು ಕುಡಿಯುತ್ತದೆ. ಅಂಚಿಗೆ ಅಂಟಿಸಿದ ಟೇಪನ್ನು ಕೊನೆಯ ಕೋಟ್ ಪೂರ್ತಿ ಗಟ್ಟಿಯಾಗುವ ಮುನ್ನವೇ ನಿಧಾನಕ್ಕೆ ಓರೆಯಾಗಿ ಎಳೆಯಿರಿ, ಇಲ್ಲದಿದ್ದರೆ ಬಣ್ಣದ ಅಂಚೂ ಅದರ ಜೊತೆ ಕಿತ್ತು ಬರುತ್ತದೆ.

ಯಾವ ಬಣ್ಣ ಒಳ್ಳೆಯದು?

ಮಾರುವ ಉದ್ದೇಶವಿದ್ದರೆ ತಿಳಿಬಣ್ಣ. ಬಂದವರು ತಮ್ಮ ಸಾಮಾನನ್ನು ಆ ಕೋಣೆಯಲ್ಲಿ ಕಲ್ಪಿಸಿಕೊಳ್ಳಲು ಅದು ಅಡ್ಡಿಯಾಗುವುದಿಲ್ಲ, ಬೆಳಕನ್ನೂ ಹೆಚ್ಚು ಹರಡುತ್ತದೆ. ಕಡು ಕೆಂಪು, ಕಡು ನೇರಳೆ ಗೋಡೆ ನಿಮಗೆ ಎಷ್ಟೇ ಇಷ್ಟವಿದ್ದರೂ ಕೊಳ್ಳುವವರಿಗೆ ಅದು ‘ಮತ್ತೆ ಬಳಿಸಬೇಕು’ ಎಂಬ ಖರ್ಚು. ಇದೇ ಮನೆಯಲ್ಲಿ ಇನ್ನೂ ಬಹುಕಾಲ ಇರುವವರಾದರೆ ಈ ಮಾತನ್ನು ಕಿವಿಗೆ ಹಾಕಿಕೊಳ್ಳಬೇಕಾಗಿಲ್ಲ.

ತುಂಬ ಹಳೆಯ ಮನೆ. ಹಳೇ ಬಣ್ಣ ಉಜ್ಜಿ ತೆಗೆಯುವಾಗ ಎಚ್ಚರ ಬೇಕೇ?

ಬೇಕು. ಹಿಂದಿನ ಕಾಲದ ಎಣ್ಣೆ ಬಣ್ಣಗಳಲ್ಲಿ, ಅದರಲ್ಲೂ ಬಾಗಿಲು, ಕಿಟಕಿ, ಸರಳುಗಳಿಗೆ ಬಳಿದದ್ದರಲ್ಲಿ, ಸೀಸ ಇರುವ ಸಾಧ್ಯತೆ ಇದೆ. ಒಣಗಿದ್ದಂತೆಯೇ ಉಜ್ಜಿದರೆ ಆ ಧೂಳು ಉಸಿರಿನಲ್ಲಿ ಒಳಗೆ ಹೋಗುತ್ತದೆ, ನೆಲದಲ್ಲಿ ಆಡುವ ಮಕ್ಕಳ ಬಾಯಿಗೂ ಸೇರುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಮಾರಕ. ಬಣ್ಣ ಗಟ್ಟಿಯಾಗಿದ್ದರೆ ಅದರ ಮೇಲೆಯೇ ಪ್ರೈಮರ್ ಹಾಕಿ ಮುಚ್ಚಿಬಿಡುವುದು ಲೇಸು. ತೆಗೆಯಲೇಬೇಕಾದರೆ ಮಕ್ಕಳನ್ನೂ ಗರ್ಭಿಣಿಯರನ್ನೂ ಬೇರೆಡೆ ಕಳಿಸಿ, ನೀರು ಚಿಮುಕಿಸಿ ಒದ್ದೆಯಾಗಿಯೇ ಕೆರೆಯಿರಿ. ಧೂಳು ತಡೆಯುವ ಸರಿಯಾದ ಮಾಸ್ಕ್ ಇರಲಿ, ಕರ್ಚೀಫು ಕಟ್ಟಿಕೊಂಡರೆ ಆಗದು. ಬಿದ್ದ ಚೂರನ್ನು ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಅಡುಗೆಮನೆಯನ್ನು ಪೂರ್ತಿ ಬದಲಿಸದೆ ಹೊಸದರಂತೆ ಮಾಡಬಹುದೇ?

ಕಪಾಟಿನ ಒಳಮೈ ಗಟ್ಟಿಯಾಗಿದ್ದರೆ ಮಾಡಬಹುದು. ಬಾಗಿಲುಗಳಿಗೆ ಮಾತ್ರ ಬಣ್ಣ ಬಳಿದು, ಹಿಡಿಕೆ ಬದಲಿಸಿ, ಸಡಿಲವಾದ ತಿರುಗಣೆಗಳನ್ನು ಬಿಗಿ ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ಹಿಡಿಕೆ ಕೊಳ್ಳುವ ಮೊದಲು ಹಳೆಯ ಹಿಡಿಕೆಯ ಎರಡು ಸ್ಕ್ರೂ ತೂತುಗಳ ನಡುವಿನ ಅಂತರವನ್ನು, ಒಂದರ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ, ಮಿಲಿಮೀಟರಿನಲ್ಲಿ ಅಳೆಯಿರಿ. ಸಾಮಾನ್ಯವಾಗಿ 96 ಅಥವಾ 128 ಇರುತ್ತದೆ. ಅದೇ ಅಳತೆಯದ್ದು ತಂದರೆ ಹಳೆಯ ತೂತಿಗೇ ಕೂರುತ್ತದೆ, ಡ್ರಿಲ್ ಬೇಕಿಲ್ಲ, ಹಳೇ ತೂತು ಮುಚ್ಚುವ ರಗಳೆಯೂ ಇಲ್ಲ.

ಬಣ್ಣದ ವಿಷಯದಲ್ಲಿ ಇಲ್ಲಿ ಶತ್ರು ಜಿಡ್ಡು. ಒಲೆಯ ಅಕ್ಕಪಕ್ಕದ ಬಾಗಿಲುಗಳ ಮೇಲೆ ಕಣ್ಣಿಗೆ ಕಾಣದ ಎಣ್ಣೆಯ ಪದರ ಕೂತಿರುತ್ತದೆ, ಅದರ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ. ಬಾಗಿಲುಗಳನ್ನು ಬಿಚ್ಚಿ (ಯಾವುದು ಎಲ್ಲಿಯದೆಂದು ಹಿಂಬದಿಗೆ ಟೇಪ್ ಅಂಟಿಸಿ ನಂಬರ್ ಹಾಕಿಕೊಳ್ಳಿ), ಜಿಡ್ಡು ತೆಗೆಯುವ ದ್ರಾವಣದಲ್ಲಿ ತೊಳೆದು, ಒಣಗಿಸಿ, ಹೊಳಪು ಹೋಗುವಷ್ಟು ಮಾತ್ರ ಉಜ್ಜಿ. ಲ್ಯಾಮಿನೇಟ್ ಆಗಿದ್ದರೆ ನಯವಾದ ಮೈಗೆ ಅಂಟಿಕೊಳ್ಳುವಂಥ ಪ್ರೈಮರ್ ಬೇಕೆಂದು ಕೇಳಿ ತನ್ನಿ. ಬಣ್ಣ ಮುಟ್ಟಿದರೆ ಅಂಟದಷ್ಟು ಒಣಗಲು ಕೆಲವು ಗಂಟೆ ಸಾಕು, ಪೂರ್ತಿ ಗಟ್ಟಿಯಾಗಲು ಹಲವು ದಿನ ಬೇಕು. ಅಲ್ಲಿಯವರೆಗೆ ತಿಕ್ಕಿ ಒರೆಸಬೇಡಿ. ಕಪಾಟಿನ ಮರ ನೀರು ಕುಡಿದು ಊದಿಕೊಂಡಿದ್ದರೆ, ವಿಶೇಷವಾಗಿ ಸಿಂಕಿನ ಕೆಳಗೆ, ಬಣ್ಣದಿಂದ ಪ್ರಯೋಜನವಿಲ್ಲ. ಆ ಒಂದು ಹಲಗೆ ಬದಲಿಸಿ.

ಬಚ್ಚಲುಮನೆಗೆ ಏನು ಮಾಡಬಹುದು?

ಟೈಲ್ಸ್ ಹಳೆಯದಾಗಿ ಕಾಣುವುದಕ್ಕೆ ಬಹುಪಾಲು ಕಾರಣ ಟೈಲ್ಸ್ ಅಲ್ಲವೇ ಅಲ್ಲ, ನಡುವಿನ ಸಂದು. ಕಪ್ಪಾದ ಗ್ರೌಟನ್ನು (ಸಂದಿಗೆ ತುಂಬುವ ಗಾರೆ) ಮೇಲಿಂದ ಕೆರೆದು ತೆಗೆದು ಹೊಸದು ತುಂಬಿದರೆ ಗೋಡೆ ಬೇರೆಯೇ ಆಗಿ ಕಾಣುತ್ತದೆ. ಸಿಮೆಂಟಿನ ಗ್ರೌಟ್ ಅಗ್ಗ, ಕೆಲಸವೂ ಸುಲಭ. ಎಪಾಕ್ಸಿ ಗ್ರೌಟ್ ದುಬಾರಿ, ಬೇಗ ಗಟ್ಟಿಯಾಗುವುದರಿಂದ ಕೈ ಪಳಗಿರಬೇಕು, ಆದರೆ ಕಲೆ ಹಿಡಿಯುವುದು ಕಡಿಮೆ. ನೀರು ಸದಾ ಬೀಳುವ ಮೂಲೆಗೆ ಎಪಾಕ್ಸಿ, ಉಳಿದೆಡೆ ಸಿಮೆಂಟಿನದು ಹಾಕಿಸುವುದು ನನ್ನ ಮಟ್ಟಿಗೆ ಸರಿಯಾದ ರಾಜಿ.

ಸಿಂಕು, ಕಮೋಡು, ಗೋಡೆ-ನೆಲ ಸೇರುವ ಮೂಲೆಯ ಸಿಲಿಕೋನ್ ಅಂಟು ಬೂಷ್ಟು ಹಿಡಿದಿದ್ದರೆ ಅದರ ಮೇಲೆಯೇ ಇನ್ನೊಂದು ಪದರ ಎಳೆಯಬೇಡಿ, ಅಂಟುವುದಿಲ್ಲ. ಹಳೆಯದನ್ನು ಬ್ಲೇಡಿನಿಂದ ಪೂರ್ತಿ ತೆಗೆದು, ಒರೆಸಿ, ಒಣಗಿಸಿ, ಒಂದೇ ಗೆರೆಯಲ್ಲಿ ಹೊಸದು ಎಳೆದು 24 ಗಂಟೆ ನೀರು ತಾಗಿಸದೆ ಬಿಡಿ.

ಒಂದು ಎಚ್ಚರಿಕೆ: ಬ್ಲೀಚನ್ನು ಆ್ಯಸಿಡ್ ಜೊತೆಗಾಗಲಿ ಅಮೋನಿಯಾ ಇರುವ ಕ್ಲೀನರ್ ಜೊತೆಗಾಗಲಿ ಎಂದೂ ಬೆರೆಸಬೇಡಿ, ಒಂದರ ಮೇಲೊಂದು ಸುರಿಯಲೂ ಬೇಡಿ. ಮೊದಲನೆಯದರಿಂದ ಕ್ಲೋರಿನ್, ಎರಡನೆಯದರಿಂದ ಕ್ಲೋರಮೈನ್ ಎಂಬ ವಿಷಾನಿಲ ಬರುತ್ತದೆ. ಕಿಟಕಿ ಇಲ್ಲದ ಬಚ್ಚಲಿನಲ್ಲಿ ಅದು ಜೀವಕ್ಕೇ ಅಪಾಯ. ವಿನೆಗರ್ ಕೂಡ ಆ್ಯಸಿಡ್ಡೇ. ಅದು ಅಮೃತಶಿಲೆಯ ಹೊಳಪನ್ನೂ ಸಿಮೆಂಟ್ ಗ್ರೌಟನ್ನೂ ತಿನ್ನುತ್ತದೆ.

ದೀಪ ಬದಲಿಸಿದರೆ ಅಷ್ಟೊಂದು ವ್ಯತ್ಯಾಸವಾಗುತ್ತದೆಯೇ?

ಆಗುತ್ತದೆ. ಕತ್ತಲು ಮೂಲೆಗಳಿರುವ ಕೋಣೆ ಚಿಕ್ಕದಾಗಿ ಕಾಣುತ್ತದೆ. ಎಲ್‌ಇಡಿ ಬಲ್ಬು ಹಳೆಯ ತಂತಿ ಬಲ್ಬಿಗಿಂತ ಕನಿಷ್ಠ ಶೇ. 75ರಷ್ಟು ಕಡಿಮೆ ವಿದ್ಯುತ್ ಬಳಸುತ್ತದೆ, ಇದು ಹೆಚ್ಚಿನವರಿಗೆ ಗೊತ್ತು. ಗೊತ್ತಿಲ್ಲದೆ ಎಡವುವುದು ಬೆಳಕಿನ ಬಣ್ಣದಲ್ಲಿ. ಡಬ್ಬದ ಮೇಲೆ ಕೆಲ್ವಿನ್ ಲೆಕ್ಕದಲ್ಲಿ ಬರೆದಿರುತ್ತದೆ. 2700ರಿಂದ 3000 ಎಂದರೆ ಹಳದಿ ಛಾಯೆಯ ಹಿತವಾದ ಬೆಳಕು, ಮಲಗುವ ಕೋಣೆಗೂ ಹಜಾರಕ್ಕೂ ಹೊಂದುತ್ತದೆ. ಅಡುಗೆಮನೆಗೆ, ಓದುವ ಜಾಗಕ್ಕೆ 4000 ಸರಿ. 6500 ನೀಲಿ ಛಾಯೆಯ ಬಿಳಿ. ಮನೆಯಿಡೀ ಅದನ್ನೇ ಹಾಕಿ ಆಸ್ಪತ್ರೆಯ ವಾರ್ಡಿನಂತೆ ಮಾಡಿಕೊಂಡವರು ಬೇಕಾದಷ್ಟು ಮಂದಿ. ಒಂದೇ ಕೋಣೆಯಲ್ಲಿ ಎರಡು ಛಾಯೆ ಬೆರೆಸಬೇಡಿ.

ಬಾಗಿಲು ಉಜ್ಜುತ್ತದೆ, ಕಿರುಗುಟ್ಟುತ್ತದೆ. ಹೊಸದು ಹಾಕಿಸಬೇಕೇ?

ಬೇಕಿಲ್ಲ. ಹೆಚ್ಚಿನ ಸಲ ಮೇಲಿನ ತಿರುಗಣೆಯ ಸ್ಕ್ರೂಗಳು ಸಡಿಲವಾಗಿ ಕದ ಜಗ್ಗಿರುತ್ತದೆ. ತೂತು ದೊಡ್ಡದಾಗಿ ಸ್ಕ್ರೂ ಹಿಡಿಯದಿದ್ದರೆ, ಮದ್ದು ಮುರಿದ ಬೆಂಕಿಕಡ್ಡಿಗಳಿಗೆ ಮರದ ಗೋಂದು ಸವರಿ ತೂತಿನೊಳಗೆ ಬಿಗಿಯಾಗಿ ತುರುಕಿ, ಒಣಗಿದ ಮೇಲೆ ಮಟ್ಟಕ್ಕೆ ಕತ್ತರಿಸಿ, ಅದೇ ಸ್ಕ್ರೂ ಮತ್ತೆ ಬಿಗಿಯಿರಿ. ಕಲ್ಲಿನಂತೆ ಕೂರುತ್ತದೆ. ಇದಾದ ಮೇಲೂ ಉಜ್ಜುತ್ತಿದ್ದರೆ ಮಾತ್ರ ಅಂಚನ್ನು ಹತ್ತರಿ ಹೊಡೆಸಿ. ಮಳೆಗಾಲದಲ್ಲಿ ಬೇಡ. ಮರ ತೇವ ಹೀರಿ ಹಿಗ್ಗಿರುತ್ತದೆ, ಆಗ ಹೊಡೆಸಿದರೆ ಬೇಸಿಗೆಯಲ್ಲಿ ಸಂದು ಬೀಳುತ್ತದೆ.

ಸ್ವಿಚ್ಚು, ವೈರಿಂಗ್ ನಾವೇ ಮಾಡಿಕೊಳ್ಳಬಹುದೇ?

ಬಲ್ಬು ಬದಲಿಸುವುದಕ್ಕಿಂತ ಮುಂದಿನದೆಲ್ಲ ಎಲೆಕ್ಟ್ರಿಷಿಯನ್ ಕೆಲಸ. ಅವರು ಬಂದಾಗ ಹಳದಿಯಾದ, ಸೀಳಿದ ಸ್ವಿಚ್ ಪ್ಲೇಟುಗಳನ್ನು ಬದಲಿಸಿಕೊಳ್ಳಿ. ಜೊತೆಗೆ ಅರ್ಥಿಂಗ್ ಪರೀಕ್ಷೆ ಮಾಡಿಸಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿ. ವಿದ್ಯುತ್ ಮೈಗೆ ಹರಿದರೆ ಕ್ಷಣದೊಳಗೆ ಸಂಪರ್ಕ ಕಡಿಯುವ ಸಾಧನ ಅದು. ಚಂದಕ್ಕಿಂತ ಇದು ಮುಖ್ಯ.

ಗೋಡೆಯ ಬಿರುಕು ಕಂಡರೆ ಹೆದರಬೇಕೇ?

ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಹೆಚ್ಚಾಗಿ ಗಾರೆ ಒಣಗುವಾಗ ಬಿಟ್ಟವು. ಕಂಬಕ್ಕೂ ಇಟ್ಟಿಗೆ ಗೋಡೆಗೂ ಸೇರುವಲ್ಲಿ ನೇರ ಗೆರೆಯಂತೆ ಬರುವುದೂ ಸಾಮಾನ್ಯ, ಎರಡು ಬೇರೆ ವಸ್ತುಗಳು ಬಿಸಿಲಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ. ಸಂದನ್ನು ಸ್ವಲ್ಪ ಅಗಲ ಮಾಡಿ, ಧೂಳು ತೆಗೆದು, ಫಿಲ್ಲರ್ ತುಂಬಿ, ಜಾಲರಿ ಟೇಪ್ ಹಾಕಿ ಪುಟ್ಟಿ ಎಳೆಯಬಹುದು.

ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ತಾರೀಖು ಬರೆದಿಡಿ. ಗೆರೆ ದಾಟಿ ಮುಂದೆ ಹೋದರೆ, 5 ಮಿಲಿಮೀಟರಿಗಿಂತ ಅಗಲವಾದರೆ, ಇಟ್ಟಿಗೆ ಸಾಲಿನಲ್ಲಿ ಮೆಟ್ಟಿಲಿನಂತೆ ಇಳಿದರೆ, ಅಥವಾ ಅದೇ ಹೊತ್ತಿಗೆ ಹತ್ತಿರದ ಬಾಗಿಲು ಕಿಟಕಿಗಳು ಸಿಕ್ಕಿಕೊಳ್ಳತೊಡಗಿದರೆ ಪುಟ್ಟಿ ಡಬ್ಬ ಬದಿಗಿಟ್ಟು ಸ್ಟ್ರಕ್ಚರಲ್ ಎಂಜಿನಿಯರರನ್ನು ಕರೆಸಿ.

ಮನೆಯ ಮುಂಭಾಗಕ್ಕೆ ಅಗ್ಗದಲ್ಲಿ ಏನು ಮಾಡಬಹುದು?

ಗೇಟಿನ ತುಕ್ಕು ಉಜ್ಜಿ, ತುಕ್ಕು ತಡೆಯುವ ಪ್ರೈಮರ್ ಮೇಲೆ ಎನಾಮಲ್ ಬಳಿಯಿರಿ. ಮುಂಬಾಗಿಲಿಗೆ ಪಾಲಿಶ್, ಸ್ಪಷ್ಟವಾಗಿ ಕಾಣುವ ಮನೆ ನಂಬರು, ಒಂದು ಒಳ್ಳೆಯ ದೀಪ ಇಷ್ಟಿದ್ದರೆ ಸಾಕು. ಕೈ ಮೊದಲು ಮುಟ್ಟುವುದು ಚಿಲಕವನ್ನು, ಅದು ಅಲ್ಲಾಡಬಾರದು.

ಅಂಗಳದ ಮಣ್ಣು ಗೋಡೆಯಿಂದ ಹೊರಕ್ಕೆ ಇಳಿಜಾರಾಗಿರಲಿ, 3 ಮೀಟರ್ ದೂರಕ್ಕೆ ಸುಮಾರು 15 ಸೆಂಟಿಮೀಟರ್ ಇಳಿದರೆ ಮಳೆನೀರು ತಳಪಾಯದ ಬಳಿ ನಿಲ್ಲುವುದಿಲ್ಲ. ಗುದ್ದಲಿಯೊಂದಿಗೆ ಅರ್ಧ ದಿನದ ಕೆಲಸವಿದು. ಯಾರ ಕಣ್ಣಿಗೂ ಬೀಳದಿದ್ದರೂ ಮಾಡಿ. ಗಿಡ ನೆಡುವುದಿದ್ದರೆ ಬೇರು ಹರಡುವ ಮರಗಳನ್ನು ಗೋಡೆಯಿಂದ ದೂರವಿಡಿ. ಹಾಗೆಯೇ ಗೋಡೆಯ ಬುಡದಲ್ಲಿ ಮಣ್ಣಿನ ಸಣ್ಣ ಕೊಳವೆಯಂಥ ಗೆರೆಗಳು ಕಂಡರೆ ಅದು ಗೆದ್ದಲಿನ ದಾರಿ, ತಡಮಾಡದೆ ಚಿಕಿತ್ಸೆ ಮಾಡಿಸಿ.

ಕೆಲವು ಟೈಲ್ಸ್ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ನೆಲ ಕೀಳಿಸಬೇಕೇ?

ಒಂದೆರಡಾದರೆ ಅವನ್ನಷ್ಟೇ ಎಬ್ಬಿಸಿ ಮತ್ತೆ ಕೂರಿಸಬಹುದು. ನಾಣ್ಯದಿಂದ ತಟ್ಟುತ್ತ ಹೋಗಿ ಟೊಳ್ಳಾದವಕ್ಕೆ ಗುರುತು ಹಾಕಿ. ಕೋಣೆಯ ಅರ್ಧದಷ್ಟು ಗುರುತೇ ಆಗಿಬಿಟ್ಟರೆ ಅದು ಅಗ್ಗದ ಕೆಲಸದ ಪಟ್ಟಿಯಲ್ಲಿ ಬರುವುದಿಲ್ಲ.

ಯಾವುದಕ್ಕೆ ಹಾಕಿದ ದುಡ್ಡು ದಂಡ?

ತೇವದ ಮೇಲೆ ಅಂಟಿಸುವ ವಾಲ್‌ಪೇಪರ್, ಸೋರುವ ಸೂರಿನ ಕೆಳಗಿನ ಫಾಲ್ಸ್ ಸೀಲಿಂಗ್. ಮೇಲೆ ಥಳುಕು, ಒಳಗೆ ಹುಳುಕು ಎನ್ನುವುದು ಇಂಥದ್ದಕ್ಕೇ. ಎರಡನೆಯದು, ಒಂದೇ ಮನೆಗೆ ಹೊಂದುವಂತೆ ಗೋಡೆಗೆ ಕಚ್ಚಿಸಿ ಮಾಡಿಸಿದ ದುಬಾರಿ ಪೀಠೋಪಕರಣ. ಕೊಳ್ಳುವವರು ಅದಕ್ಕೆ ಹಾಕಿದಷ್ಟು ಕೊಡುವುದಿಲ್ಲ. ಮೂರನೆಯದು, ಸುತ್ತಲಿನ ಮನೆಗಳ ಮಟ್ಟ ಮೀರಿದ ಆಡಂಬರ. ಬೀದಿಯ ಬೆಲೆ ನಿಮ್ಮ ಮನೆಯನ್ನು ಕೆಳಕ್ಕೆ ಎಳೆಯುತ್ತದೆ, ನಿಮ್ಮ ಅಮೃತಶಿಲೆ ಬೀದಿಯ ಬೆಲೆಯನ್ನು ಮೇಲಕ್ಕೆ ಎತ್ತುವುದಿಲ್ಲ. ಇನ್ನು ಅನುಮತಿ ಇಲ್ಲದೆ ಬಾಲ್ಕನಿ ಮುಚ್ಚುವುದು, ಎಂಜಿನಿಯರರನ್ನು ಕೇಳದೆ ಗೋಡೆ ಒಡೆಯುವುದು ಬೆಲೆ ಕೂಡಿಸುವ ಬದಲು ಕಳೆಯುತ್ತದೆ, ಮಾರಾಟಕ್ಕೇ ತೊಡಕಾಗಬಹುದು.

ಬಾಡಿಗೆ ಮನೆಯಲ್ಲಿ ಇರುವವರು?

ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ. ಹೋಗುವಾಗ ಬಿಚ್ಚಿಕೊಂಡು ಹೋಗಬಹುದಾದ ದೀಪ, ಪರದೆಯ ಕಂಬಿಯಂಥವಕ್ಕೆ ಮಾತ್ರ ನಿಮ್ಮ ದುಡ್ಡು ಹಾಕಿ. ಹಳೆಯದನ್ನು ಎಸೆಯದೆ ಎತ್ತಿಡಿ.

ಮೇಸ್ತ್ರಿಗೆ ಕೆಲಸ ಒಪ್ಪಿಸುವಾಗ ಏನು ನೋಡಬೇಕು?

ಕನಿಷ್ಠ ಮೂವರಿಂದ ಅಂದಾಜು ತರಿಸಿ, ಆದರೆ ಮೂವರಿಗೂ ಒಂದೇ ಪಟ್ಟಿ ಕೊಡಿ. ಎಷ್ಟು ಕೋಟ್, ಯಾವ ದರ್ಜೆಯ ಬಣ್ಣ, ಸಾಮಾನು ಯಾರದು, ಕಸ ಸಾಗಿಸುವುದು ಯಾರು ಎಂಬುದೆಲ್ಲ ಅದರಲ್ಲಿರಬೇಕು. ಇಲ್ಲದಿದ್ದರೆ ಹೋಲಿಸುವುದಕ್ಕೇ ಆಗದು. ಎಲ್ಲರಿಗಿಂತ ತೀರಾ ಕಡಿಮೆ ಹೇಳಿದವರು ಎಲ್ಲೋ ಏನೋ ಬಿಡುತ್ತಾರೆ, ಬಣ್ಣದ ಕೆಲಸದಲ್ಲಿ ಅದು ಹೆಚ್ಚಾಗಿ ಗೋಡೆ ಉಜ್ಜುವ ಕೆಲಸ. ದುಡ್ಡನ್ನು ಹಂತ ಹಂತವಾಗಿ ಕೊಡಿ, ಕೊನೆಯ ಕಂತನ್ನು ಪಟ್ಟಿ ಹಿಡಿದು ಎಲ್ಲ ನೋಡಿದ ಮೇಲೆ.

ಕೆಲಸ ಮುಗಿದ ಮೇಲೆ ಏನೇನು ಎತ್ತಿಡಬೇಕು?

ಬಿಲ್ಲುಗಳು, ವಾರಂಟಿ ಕಾಗದ, ಮತ್ತು ಗೋಡೆ ಮುಚ್ಚುವ ಮುಂಚೆ ತೆಗೆದ ಪೈಪು-ವೈರುಗಳ ಫೋಟೋ. ಫೋಟೋ ತೆಗೆಯುವಾಗ ಪಕ್ಕದಲ್ಲಿ ಅಳತೆ ಟೇಪ್ ಹಿಡಿದಿರಿ, ಮುಂದೆ ಮೊಳೆ ಹೊಡೆಯುವವರಿಗೆ ಪೈಪು ಎಷ್ಟು ಎತ್ತರದಲ್ಲಿದೆ ಎಂದು ತಿಳಿಯುತ್ತದೆ. ಕೊಳ್ಳುವವರ ಮುಂದೆ ಈ ಕಡತ ಇಟ್ಟರೆ ಬಾಯಿಮಾತಿನ ಭರವಸೆ ಬೇಕಾಗುವುದಿಲ್ಲ. ಉಳಿದ ನಾಲ್ಕಾರು ಟೈಲ್ಸ್ ಎತ್ತಿಡಿ, ಅದೇ ಛಾಯೆ ಮತ್ತೆ ಸಿಗುವುದು ಕಷ್ಟ. ಉಳಿದ ಬಣ್ಣವನ್ನು ಸಣ್ಣ ಡಬ್ಬಕ್ಕೆ ತುಂಬಿ, ಗಾಳಿಯಾಡದಂತೆ ಮುಚ್ಚಿ, ಮೇಲೆ ಕಂಪನಿಯ ಛಾಯೆ ನಂಬರ್, ಕೋಣೆಯ ಹೆಸರು, ತಾರೀಖು ಬರೆದಿಡಿ. ಒಲೆಯಿಂದ ದೂರ, ಬಿಸಿಲು ತಾಗದ ಕಡೆ.